ಆರ್ಕೇಡ್ ಪೆಟ್ಟಿಗೆಗೆ ಅಂಚು ಕಟ್ಟುವ ಕೆಲಸ

ಆರ್ಕೇಡ್ ಪೆಟ್ಟಿಗೆಯನ್ನು, ಅಂದರೆ ಆಟದ ಅಂಗಡಿಗಳಲ್ಲಿದ್ದಂಥ ವಿಡಿಯೋ ಗೇಮ್ ಪೆಟ್ಟಿಗೆಯನ್ನು, ತಾವೇ ಕಟ್ಟುವವರಲ್ಲಿ ಬಹಳ ಮಂದಿ ಗುಂಡಿ ಒತ್ತಿದರೆ ಆಟ ಓಡುತ್ತದೆ ಎನ್ನುವಲ್ಲಿಗೆ ಕೈ ತೊಳೆದುಕೊಂಡು ಬಿಡುತ್ತಾರೆ. ಎಂಡಿಎಫ್ ಹಲಗೆಯ (ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ) ಕಂದು ಅಂಚು ಹಾಗೇ ಬೋಳಾಗಿ ಉಳಿಯುತ್ತದೆ. ಕುರ್ಚಿ ತಗುಲಿ, ಕೈ ತಗುಲಿ ಮೂಲೆಗಳು ಮೊದಲು ಮೊಂಡಾಗುತ್ತವೆ, ಆಮೇಲೆ ಹುಡಿಯಾಗಿ ಉದುರುತ್ತವೆ. ಹಳೆಯ ಆಟದ ಅಂಗಡಿಗಳ ಪೆಟ್ಟಿಗೆಗಳ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಕೂರಿಸುತ್ತಿದ್ದದ್ದು ಬರೀ ಅಂದಕ್ಕಲ್ಲ, ದಿನವಿಡೀ ಬೀಳುವ ಪೆಟ್ಟನ್ನು ತಡೆಯುವುದಕ್ಕೆ.

ಆ ಪಟ್ಟಿಯ ಹೆಸರು ಟಿ-ಮೋಲ್ಡಿಂಗ್. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಇಂಗ್ಲಿಷಿನ ಟಿ ಅಕ್ಷರದ ಆಕಾರ. ಹೊರಗೆ ಕಾಣುವುದು ನುಣುಪಾದ ತಲೆ, ಒಳಗೆ ಹೋಗುವುದು ತೆಳುವಾದ ನಾಲಿಗೆ. ಆ ನಾಲಿಗೆಯ ಎರಡೂ ಬದಿಗೆ ಮೀನಿನ ಮುಳ್ಳಿನಂತೆ ಹಿಂದಕ್ಕೆ ಬಾಗಿದ ಏಣುಗಳಿರುತ್ತವೆ. ಹಲಗೆಯ ಸೀಳಿಗೆ ಒಮ್ಮೆ ಇಳಿದರೆ ಹಿಡಿತ ಬಿಡುವುದಿಲ್ಲ. ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡಿ ಅಂಟಿಸುವ ಪಟ್ಟಿಯೂ ಸಿಗುತ್ತದೆ. ಪುಸ್ತಕದ ಕಪಾಟಿಗಾದರೆ ಅದು ಸರಿ. ಮಕ್ಕಳು ಮೊಣಕೈ ಊರಿ ಆಡುವ ಪೆಟ್ಟಿಗೆಗೆ ನಾನು ಅದನ್ನು ಹಾಕುವುದಿಲ್ಲ.

ಪಟ್ಟಿ ಕೂರಿಸುವುದು ಕಟ್ಟಕಡೆಯ ಕೆಲಸವಾದರೂ ಅದಕ್ಕೆ ಸೀಳು ಕೊರೆಯುವುದು ಮೊದಮೊದಲ ಕೆಲಸ. ಪಕ್ಕದ ಹಲಗೆಗಳನ್ನು ಜೋಡಿಸುವ ಮೊದಲೇ, ಅವು ಮೇಜಿನ ಮೇಲೆ ಮಲಗಿರುವಾಗಲೇ ರೂಟರ್, ಅಂದರೆ ಮರದಲ್ಲಿ ಸೀಳು ಕೊರೆಯುವ ಕೈಯಂತ್ರ, ಹಿಡಿಯಬೇಕು. ಪೆಟ್ಟಿಗೆ ಎದ್ದು ನಿಂತ ಮೇಲೆ ಒಳಮೂಲೆಗಳಿಗೆ ಯಂತ್ರ ಹೋಗುವುದೇ ಇಲ್ಲ. ಸೀಳು ಕೊರೆಯುವ ಬಿಟ್‌ಗೆ (ರೂಟರಿಗೆ ಸಿಕ್ಕಿಸುವ ಅಲಗು) ಬೇರಿಂಗ್ ಇರಲಿ; ಅದು ಅಂಚಿಗೆ ಒರಗಿಕೊಂಡು ಆಳವನ್ನು ಒಂದೇ ಸಮನೆ ಕಾಯುತ್ತದೆ. ಸಾಮಾನ್ಯವಾಗಿ ಸಿಗುವ ಪಟ್ಟಿಗೆ 1/16 ಅಂಗುಲ, ಅಂದರೆ ಸುಮಾರು 1.6 ಮಿಲಿಮೀಟರ್ ದಪ್ಪದ ಸೀಳು ಬೇಕು. ಕೆಲವಕ್ಕೆ 3/32 ಅಂಗುಲ. ಆದ್ದರಿಂದ ಪಟ್ಟಿ ಕೈಗೆ ಬಂದ ಮೇಲೆಯೇ ಬಿಟ್ ಕೊಳ್ಳಿ. ಆಳ ನಾಲಿಗೆಗಿಂತ ಒಂದೆರಡು ಮಿಲಿಮೀಟರ್ ಹೆಚ್ಚಿರಲಿ, ಹುಡಿ ಕೂರಲು ಜಾಗ ಬೇಕಲ್ಲ.

ಇಲ್ಲೊಂದು ಲೆಕ್ಕವಿದೆ, ನಿಧಾನವಾಗಿ ಕೇಳಿ. ಮುಕ್ಕಾಲು ಅಂಗುಲದ ಪಟ್ಟಿ ಎಂದರೆ 19 ಮಿಲಿಮೀಟರ್ ಅಗಲ. ನಿಮ್ಮ ಹಲಗೆ ಬಹುಶಃ 18 ಮಿಲಿಮೀಟರ್. ಸೀಳನ್ನು ಹಲಗೆಯ ನಟ್ಟನಡುವೆ ಕೊರೆದರೆ ಎರಡೂ ಕಡೆ ಅರ್ಧರ್ಧ ಮಿಲಿಮೀಟರ್ ತುಟಿ ಹೊರಚಾಚುತ್ತದೆ, ಕೈ ಸವರಿದಾಗಲೆಲ್ಲ ತಗಲುತ್ತದೆ. ನಾನು ಹಲಗೆಯ ನಡುವನ್ನು ಹುಡುಕುವುದಿಲ್ಲ. ಸೀಳಿನ ನಡುಗೆರೆಯನ್ನು ಹೊರಮುಖದಿಂದ 9.5 ಮಿಲಿಮೀಟರ್ ಒಳಕ್ಕೆ ಇಡುತ್ತೇನೆ. ಆಗ ಹೊರಬದಿ ಸಮತಟ್ಟಾಗಿ ಕೂರುತ್ತದೆ, ಆ ಹೆಚ್ಚುವರಿ ಒಂದು ಮಿಲಿಮೀಟರ್ ಒಳಬದಿಗೆ ಹೋಗುತ್ತದೆ. ಅಲ್ಲಿ ಕಣ್ಣಿಗೆ ಬಿದ್ದರೆ ಹರಿತವಾದ ಬ್ಲೇಡನ್ನು ಹಲಗೆಗೆ ಚಪ್ಪಟೆಯಾಗಿ ಒರಗಿಸಿ ಸವರಿದರಾಯಿತು. ಇದು ನಡೆಯಬೇಕಾದರೆ ರೂಟರಿನ ತಳ ಎರಡೂ ಹಲಗೆಗಳಲ್ಲಿ ಹೊರಮುಖದ ಮೇಲೆಯೇ ಕೂರಬೇಕು. ಎಡಗಡೆಯ ಹಲಗೆ, ಬಲಗಡೆಯ ಹಲಗೆ ಒಂದಕ್ಕೊಂದು ಕನ್ನಡಿಬಿಂಬ ಎನ್ನುವುದನ್ನು ಮರೆಯದೆ, ಹೊರಮುಖಕ್ಕೆ ಪೆನ್ಸಿಲಿನಲ್ಲಿ ದೊಡ್ಡದಾಗಿ ಗುರುತು ಹಾಕಿಕೊಳ್ಳಿ.

ಹಲಗೆಯ ಹೊರ ಅಂಚಿನ ಸುತ್ತ ರೂಟರನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ನಡೆಸಿ. ಇನ್ನೊಂದು ದಿಕ್ಕಿನಲ್ಲಿ ನಡೆಸಿದರೆ ಯಂತ್ರವೇ ನಿಮ್ಮನ್ನು ಎಳೆದುಕೊಂಡು ಓಡುತ್ತದೆ. ಎಂಡಿಎಫ್ ಹುಡಿ ಬಹಳ ನಯ, ಮಾಸ್ಕ್ ಇಲ್ಲದೆ ಕೂರಬೇಡಿ. ಮೊದಲು ಒಂದು ಚೂರು ಹಲಗೆಯಲ್ಲಿ ಕೊರೆದು ನೋಡಿ: ಹೆಬ್ಬೆರಳಿನಿಂದ ಒತ್ತಿದರೆ ನಾಲಿಗೆ ಅರ್ಧ ಇಳಿಯಬೇಕು, ಉಳಿದರ್ಧಕ್ಕೆ ಸುತ್ತಿಗೆ ಬೇಕಾಗಬೇಕು.

ಬಣ್ಣದ ವಿಷಯವನ್ನು ಬೇಗ ಮುಗಿಸುತ್ತೇನೆ. ಎಂಡಿಎಫ್‌ನ ಮುಖಕ್ಕಿಂತ ಅಂಚು ಹೆಚ್ಚು ಬಣ್ಣ ಕುಡಿಯುತ್ತದೆ, ನೀರು ಬೆರೆತ ಪ್ರೈಮರ್ ತಗುಲಿದರೆ ಉಬ್ಬುತ್ತದೆ. ಎಣ್ಣೆ ಆಧಾರಿತ ಪ್ರೈಮರ್ ಹಚ್ಚಿ, ಒಣಗಿದ ಮೇಲೆ 220 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಸ್ಪಂಜಿನ ರೋಲರಿನಲ್ಲಿ ತೆಳ್ಳಗೆ ಬಣ್ಣ ಬಳಿಯಿರಿ. ಸೀಳಿನೊಳಗೆ ಬಣ್ಣ ಹೋಗಿ ಗಟ್ಟಿಯಾದರೆ ಪಟ್ಟಿ ಇಳಿಯುವುದಿಲ್ಲ. ಉಪ್ಪುಕಾಗದವನ್ನು ಮಡಚಿ ಸೀಳಿನ ಉದ್ದಕ್ಕೂ ಎಳೆದು ತೆಗೆಯಿರಿ. ಪಕ್ಕಕ್ಕೆ ವಿನೈಲ್ ಚಿತ್ರ ಅಂಟಿಸುವವರು ಇನ್ನೂ ಒಂದು ವಾರ ಕಾಯುವುದು ಒಳ್ಳೆಯದು. ಮುಟ್ಟಿದರೆ ಒಣಗಿದೆ ಎನಿಸುವ ಎನಾಮೆಲ್ ಒಳಗೆ ಇನ್ನೂ ಆವಿ ಬಿಡುತ್ತಿರುತ್ತದೆ, ಆ ಆವಿ ವಿನೈಲಿನ ಕೆಳಗೆ ಗುಳ್ಳೆಯಾಗಿ ನಿಲ್ಲುತ್ತದೆ.

ವಿನೈಲ್ ಅಂಟಿಸುವುದು ಪಟ್ಟಿಗಿಂತ ಮೊದಲು. ಎರಡು ಹನಿ ಸೋಪು ಬೆರೆಸಿದ ನೀರನ್ನು ಹಲಗೆಯ ಮೇಲೆ ತೆಳ್ಳಗೆ ಸಿಂಪಡಿಸಿದರೆ ಹಾಳೆ ಜಾರುತ್ತದೆ, ಸರಿಯಾದ ಜಾಗಕ್ಕೆ ತಂದು ನಡುವಿನಿಂದ ಹೊರಕ್ಕೆ ನೀರನ್ನು ಒತ್ತಿ ತೆಗೆಯಬಹುದು. ಅಂಚಿನಿಂದಾಚೆ ಉಳಿದದ್ದನ್ನು ಹೊಸ ಬ್ಲೇಡಿನಲ್ಲಿ ಕತ್ತರಿಸಿ. ಕತ್ತರಿಸಿದ ಗೆರೆಗೆ ಪಟ್ಟಿಯ ತಲೆ ಒತ್ತಿಕೊಂಡು ಕೂರುವುದರಿಂದ ವಿನೈಲ್ ಮೂಲೆ ಎದ್ದು ಸುರುಳಿಯಾಗುವುದು ಅಪರೂಪ.

ಇನ್ನು ಪಟ್ಟಿ. ಬೇಕಾದ ಉದ್ದವನ್ನು ದಾರದಿಂದ ಅಂಚಿನುದ್ದಕ್ಕೂ ಅಳೆದುಕೊಳ್ಳಿ, ಆದರೆ ಅಷ್ಟಕ್ಕೇ ಕತ್ತರಿಸಬೇಡಿ. ಸುರುಳಿಯನ್ನು ಒಂದು ದಿನ ಬಿಚ್ಚಿ ನೆಲದ ಮೇಲೆ ಮಲಗಿಸಿಡಿ. ಆರಂಭ ಮುಂಭಾಗದ ತಳದಿಂದ, ನೆಲದ ಬಳಿ, ಕಣ್ಣು ಹೋಗದ ಕಡೆಯಿಂದ. ನಾಲಿಗೆಯನ್ನು ಸೀಳಿಗೆ ನೇರವಾಗಿಟ್ಟು ಒಂದು ಗೇಣಿನಷ್ಟು ಕೈಯಿಂದ ಒತ್ತಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ, ಮುಂದಿನ ಗೇಣಿಗೆ ಹೋಗಿ. ಪಟ್ಟಿಯನ್ನು ಎಂದೂ ಎಳೆಯಬೇಡಿ. ಎಳೆದು ಕೂರಿಸಿದ ಪ್ಲಾಸ್ಟಿಕ್ ಕೆಲವು ದಿನಗಳಲ್ಲಿ ಹಿಂದಕ್ಕೆ ಕುಗ್ಗಿ ತುದಿಯಲ್ಲಿ ಸಂದು ಬಿಡುತ್ತದೆ.

ಕೆಲಸಗಾರನ ಕೈ ಗೊತ್ತಾಗುವುದು ಮೂಲೆಗಳಲ್ಲಿ. ಹೊರಬಾಗಿದ ಮೂಲೆಯಲ್ಲಿ ನಾಲಿಗೆ ಒಳಗಡೆ ಇಕ್ಕಟ್ಟಾಗಿ ಒಂದರ ಮೇಲೊಂದು ಮುದುಡಿಕೊಳ್ಳುತ್ತದೆ. ದುಂಡಗಿನ ತಿರುವಾದರೆ ನಾಲಿಗೆಯಲ್ಲಿ ಅಲ್ಲಲ್ಲಿ ಸಣ್ಣ ತ್ರಿಕೋನಗಳನ್ನು ಕತ್ತರಿಸಿ ತೆಗೆಯಿರಿ. ನೇರ 90 ಡಿಗ್ರಿಯ ಮೂಲೆಯಾದರೆ ಒಂದೇ ದೊಡ್ಡ ತ್ರಿಕೋನ. ಅದರ ಬಾಯಿ ನಾಲಿಗೆಯ ಎತ್ತರದ ಎರಡರಷ್ಟಿರಬೇಕು, ಚೂಪು ತಲೆಯ ಹತ್ತಿರ ಬರಬೇಕು, ತಲೆಯನ್ನು ಮಾತ್ರ ತಾಗಬಾರದು. ಒಳಬಾಗಿದ ಮೂಲೆಯಲ್ಲಿ ನಡೆಯುವುದು ತದ್ವಿರುದ್ಧ: ನಾಲಿಗೆ ಹಿಗ್ಗಬೇಕು. ಅಲ್ಲಿ ಚೂರು ತೆಗೆಯಬೇಕಿಲ್ಲ, ನಾಲಿಗೆಯನ್ನು ಬರೀ ಒಂದು ಕಡೆ ಕತ್ತರಿಸಿದರೆ ಅದೇ ಬಾಯಿ ಬಿಡುತ್ತದೆ. ಒಳಮೂಲೆಯ ತುದಿಯಲ್ಲಿ ಬಿಟ್ ಪೂರ್ತಿ ತಲುಪಿರುವುದಿಲ್ಲ, ಸೀಳಿನ ಆಳ ಕಡಿಮೆಯಿರುತ್ತದೆ. ಚೂಪಾದ ಚಾಕುವಿನಿಂದ ಕೆರೆದುಕೊಳ್ಳಿ. ಕತ್ತರಿಸಿದ ಮೇಲೆ ಆ ಭಾಗಕ್ಕೆ ಹೇರ್ ಡ್ರೈಯರಿನ ಬಿಸಿಗಾಳಿ ತೋರಿಸಿ. ಪ್ಲಾಸ್ಟಿಕ್ ಮೆತ್ತಗಾದ ಕೂಡಲೇ ಮೂಲೆಗೆ ಸುತ್ತಿ, ತಣಿಯುವವರೆಗೆ ಬೆರಳಿನಿಂದ ಹಿಡಿದುಕೊಳ್ಳಿ. ಹೊಳಪು ಕುಂದುತ್ತಿದೆ ಎಂದರೆ ಬಿಸಿ ಹೆಚ್ಚಾಗಿದೆ.

ನನ್ನ ಹೆಂಡತಿಯ ತಮ್ಮ ಇದನ್ನೆಲ್ಲ ನೋಡಿ, ‘ಭಾವ, ಸುಮ್ಮನೆ ಅಂಟು ಸುರಿದು ಒತ್ತಿಬಿಡಬಾರದೇ?’ ಎಂದು ಕೇಳುತ್ತಾನೆ. ಬೇಡ ಎಂದೇ ಹೇಳುತ್ತೇನೆ. ಮರದ ಬಿಳಿ ಅಂಟು ಈ ಪ್ಲಾಸ್ಟಿಕ್ಕಿಗೆ ಹಿಡಿಯುವುದೇ ಇಲ್ಲ. ಗಟ್ಟಿಯಾಗಿ ಹಿಡಿಯುವ ಅಂಟು ಹಾಕಿದರೆ ಮುಂದೆ ಪಟ್ಟಿ ಬದಲಿಸುವಾಗ ಹಲಗೆಯೂ ಕಿತ್ತು ಬರುತ್ತದೆ. ಸೀಳು ಸಡಿಲವಾಗಿದ್ದರೆ ನಾಲಿಗೆಯ ಮೇಲೆ ಮಾಸ್ಕಿಂಗ್ ಟೇಪ್ ಮಡಚಿ ಹಾಕಿ ತಟ್ಟಿದರೆ ಸಾಕು.

ತಳಕ್ಕೆ ಎತ್ತರ ಹೊಂದಿಸುವ ಪಾದಗಳನ್ನು ತಿರುಪಿ ಹಾಕಿ. ನೆಲ ಒರೆಸಿದ ನೀರು ಎಂಡಿಎಫ್‌ಗೆ ತಗುಲಬಾರದು. ಮೇಲಿನ ಹೆಸರು ಫಲಕವನ್ನು ಎರಡು ಪಾರದರ್ಶಕ ಅಕ್ರಿಲಿಕ್ ಹಾಳೆಗಳ ನಡುವೆ ಇಟ್ಟು, ಹಿಂದಿನ ಗೂಡಿಗೆ ಬಿಳಿ ಬಣ್ಣ ಬಳಿದರೆ ಎಲ್‌ಇಡಿ ಬೆಳಕು ಚುಕ್ಕಿಚುಕ್ಕಿಯಾಗಿ ಕಾಣದೆ ಹರಡಿಕೊಳ್ಳುತ್ತದೆ. ಪರದೆಯ ಸುತ್ತಲಿನ ಸಂದಿಗೆ ಹೊಳಪಿಲ್ಲದ ಕಪ್ಪು ಕಾರ್ಡ್‌ಬೋರ್ಡ್ ಚೌಕಟ್ಟು ಸಾಕು.

ಪಟ್ಟಿಯ ಕೊನೆಯ ತುದಿಯನ್ನು ಎರಡು ಮೂರು ಮಿಲಿಮೀಟರ್ ಉದ್ದ ಬಿಟ್ಟು ಮಾರನೆಯ ದಿನ ಸಮಮಾಡಿ ಕತ್ತರಿಸಿ. ಮಿಕ್ಕ ತುಂಡನ್ನು ಎಸೆಯದೆ ಪೆಟ್ಟಿಗೆಯೊಳಗೇ ಇಟ್ಟುಕೊಳ್ಳಿ. ಒಂದೇ ಬಣ್ಣದ ಹೆಸರಿದ್ದರೂ ಮುಂದಿನ ಸಲ ಕೊಂಡ ಪಟ್ಟಿಯ ಕೆಂಪು ಇದರ ಕೆಂಪಿಗೆ ಹೊಂದದಿರಬಹುದು.