ಫಿನ್‌ಟೆಕ್ ಕೆಲಸಕ್ಕೆ ಅರ್ಜಿ ಹಾಕುವ ಮುಂಚೆ

ಫಿನ್‌ಟೆಕ್, ಅಂದರೆ ತಂತ್ರಜ್ಞಾನದಿಂದ ಹಣಕಾಸು ಸೇವೆ ಕೊಡುವ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವುದು ನನ್ನ ಕೆಲಸ. ದಾವಣಗೆರೆಯ ಯುಬಿಡಿಟಿ, ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳ ರೆಸ್ಯೂಮೆ ಬಂದರೆ ಮೊದಲು ಪ್ರಾಜೆಕ್ಟ್ ನೋಡುತ್ತೇನೆ. ಕಲಿತ ಕೋರ್ಸ್‌ಗಳ ಪಟ್ಟಿ ಆಮೇಲೆ.

ಹಣ ಹೇಗೆ ಓಡಾಡುತ್ತದೆ ಅಂತ ಕಲಿಯಿರಿ. ಬೆಣ್ಣೆ ದೋಸೆ ತಿಂದು ಕ್ಯೂಆರ್ ಸ್ಕ್ಯಾನ್ ಮಾಡ್ತೀರಿ ಅಲ್ವಾ? ನಿಮ್ಮ ಖಾತೆಯಲ್ಲಿ ದುಡ್ಡು ಕಟ್ ಆಯ್ತು, ಹೋಟೆಲಿನವರಿಗೆ ಬರಲೇ ಇಲ್ಲ. ಮುಂದೇನು? ನಾನು ಇದನ್ನೇ ಕೇಳುವುದು. ಆರ್‌ಬಿಐನ 2019ರ ಸುತ್ತೋಲೆ ಓದಿಕೊಳ್ಳಿ. ಯುಪಿಐನಲ್ಲಿ ಒಬ್ಬರಿಗೊಬ್ಬರು ಕಳಿಸಿದ ಹಣ ಹೀಗೆ ಸಿಕ್ಕಿಕೊಂಡರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ 5 ದಿನದೊಳಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಆಮೇಲೆ ನೀವೇ ಒಂದು ಸಣ್ಣ ಲೆಡ್ಜರ್, ಅಂದರೆ ಹಣದ ಜಮಾ-ಖರ್ಚು ದಾಖಲಿಸುವ ಪ್ರೋಗ್ರಾಂ ಬರೆಯಿರಿ. ಒಂದೇ ರಿಕ್ವೆಸ್ಟ್ ಎರಡು ಸಲ ಬಂದರೂ ಹಣ ಒಂದೇ ಸಲ ಕಟ್ ಆಗಬೇಕು. ಮೊತ್ತವನ್ನು ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಿ. ಫ್ಲೋಟ್ (ಕಂಪ್ಯೂಟರ್ ಅಂದಾಜಾಗಿ ಇಡುವ ದಶಮಾಂಶ ಸಂಖ್ಯೆ) ಬೇಡವೇ ಬೇಡ, ಚಿಲ್ಲರೆ ಲೆಕ್ಕ ತಪ್ಪುತ್ತದೆ. ಇಷ್ಟನ್ನು ಕನ್ನಡದಲ್ಲೇ ವಿವರಿಸಿದರೂ ನನಗೆ ಖುಷಿ. ಇಂಗ್ಲಿಷ್ ಆರು ತಿಂಗಳಲ್ಲಿ ಸುಧಾರಿಸುತ್ತೆ.

ಸಂಬಳದ ಮಾತು ಬಂದಾಗ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಒಂದನ್ನೇ ನೋಡಬೇಡಿ, ತಿಂಗಳಿಗೆ ಕೈಗೆ ಎಷ್ಟು ಬರುತ್ತೆ ಅಂತ ಕೇಳಿ. ಕೆಲಸ ಕೊಡಿಸ್ತೀನಿ ಅಂತ ದುಡ್ಡು ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ನನ್ನ ಫೀಸನ್ನು ಕಂಪನಿಯೇ ಕೊಡುತ್ತದೆ.