ಹತ್ತು ಲಕ್ಷದ ಫಂಡ್ ಕೊಳ್ಳುವ ಮುನ್ನ

ಚನ್ನಗಿರಿ ಕಡೆಯ ನಮ್ಮ ಸೋದರಮಾವ ಅಡಿಕೆ ಮಾರಿ ದಾವಣಗೆರೆಗೆ ಬಂದಿದ್ದರು. ಕೂತವರೇ ಕೇಳಿದರು: ‘ಮಾರ್ಕೆಟ್ ಬಿದ್ದರೂ ಲಾಭ ಮಾಡೋ ಫಂಡ್ ಬಂದಿದೆಯಂತಲ್ಲಪ್ಪಾ, ನಮ್ಮಂಥವರಿಗೂ ಕೊಡ್ತಾರಾ?’

ಕೊಡ್ತಾರೆ ಮಾವ. ಹತ್ತು ಲಕ್ಷ ಇದ್ದರೆ ಸಾಕು.

ಅದರ ಹೆಸರು ಸ್ಪೆಷಲೈಸ್ಡ್ ಇನ್ವೆಸ್ಟ್‌ಮೆಂಟ್ ಫಂಡ್, ಚಿಕ್ಕದಾಗಿ ಎಸ್‌ಐಎಫ್. ಷೇರುಪೇಟೆಯ ನಿಯಂತ್ರಕ ಸೆಬಿ 2025ರ ಏಪ್ರಿಲ್ 1ರಿಂದ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಮ್ಯೂಚುವಲ್ ಫಂಡ್‌ಗೆ 500 ರೂಪಾಯಿಯಲ್ಲೂ ಸೇರಬಹುದು. ನಿಮ್ಮೊಬ್ಬರ ದುಡ್ಡನ್ನೇ ಬೇರೆಯಾಗಿ ನೋಡಿಕೊಳ್ಳುವ ಪಿಎಂಎಸ್‌ಗೆ ಕನಿಷ್ಠ 50 ಲಕ್ಷ ಬೇಕು, ದೊಡ್ಡ ಹೂಡಿಕೆದಾರರ ಎಐಎಫ್‌ಗೆ 1 ಕೋಟಿ. ಎಸ್‌ಐಎಫ್ ಇವುಗಳ ನಡುವಿನ ಬಾಗಿಲು.

ಇಂಥ ಫಂಡ್ ಯಾರು ಕೊಳ್ಳಬಹುದು ಅನ್ನುವ ಚರ್ಚೆ ಬೇರೆಡೆಯೂ ನಡೆದಿದೆ. ಅಮೆರಿಕದಲ್ಲಿ 2022ರ ಮಾರ್ಚ್‌ನಲ್ಲಿ ಬ್ರೋಕರ್‌ಗಳ ಮೇಲೆ ಕಣ್ಣಿಡುವ ಫಿನ್ರಾ ಸಂಸ್ಥೆ ಒಂದು ಪ್ರಶ್ನೆ ಎತ್ತಿತು: ಕಗ್ಗಂಟಿನ ಫಂಡ್ ಕೊಳ್ಳುವವರಿಗೆ ಪರೀಕ್ಷೆಯಂಥ ತಡೆ ಇಡಬೇಕೇ? ಸಾವಿರಾರು ಪತ್ರಗಳು ಬಂದವು. ನಮ್ಮ ದುಡ್ಡು, ನಮ್ಮಿಷ್ಟ ಅನ್ನುವುದು ಸಣ್ಣ ಹೂಡಿಕೆದಾರರ ವಾದ. ನನಗೂ ಅದೇ ಸರಿ ಅನ್ನಿಸುತ್ತದೆ. ನಮ್ಮಲ್ಲಿ ತಡೆ ಇರುವುದು ದುಡ್ಡಿನದು, ತಿಳಿವಳಿಕೆಯದಲ್ಲ. ಲೆಕ್ಕ ಬಲ್ಲ ಕಾಲೇಜು ಮೇಷ್ಟ್ರ ಹತ್ತಿರ ಹತ್ತು ಲಕ್ಷ ಇಲ್ಲದಿದ್ದರೆ ಅವರು ಹೊರಗೆ. ಮಾರುವ ಏಜೆಂಟರಿಗೆ ಸೆಬಿ ಸ್ಥಾಪಿಸಿದ ನಿಸ್ಮ್ ಸಂಸ್ಥೆಯ ಪರೀಕ್ಷೆ ಇದೆ, ಕೊಳ್ಳುವವರಿಗೆ ಇಲ್ಲ. ಹಾಗಾಗಿ ನಮ್ಮ ಪರೀಕ್ಷೆ ನಾವೇ ಬರೆದುಕೊಳ್ಳಬೇಕು.

ಮೊದಲ ಹೆಜ್ಜೆ: ಏಜೆಂಟರ ನಿಸ್ಮ್ ಸರ್ಟಿಫಿಕೇಟ್ ಕೇಳಿ. ಮುಜುಗರ ಬೇಡ.

ಎರಡನೆಯದು: ಫಂಡ್ ಏನು ಮಾಡುತ್ತದೆ ಎಂದು ನಿಮ್ಮ ಮಾತಿನಲ್ಲೇ ಹೇಳಿ ನೋಡಿ. ಎಸ್‌ಐಎಫ್ ತನ್ನ ಆಸ್ತಿಯ ಶೇ 25ರವರೆಗೆ, ಬೆಲೆ ಇಳಿಯುತ್ತದೆ ಎಂದು ಡೆರಿವೇಟಿವ್ಸ್‌ನಲ್ಲಿ, ಅಂದರೆ ಷೇರಿನಂಥವುಗಳ ಬೆಲೆಯ ಮೇಲೆ ನಿಂತ ಕರಾರುಗಳಲ್ಲಿ, ಪಣ ಕಟ್ಟಬಹುದು. ಮಾವನಿಗೆ ಅಡಿಕೆಯಲ್ಲೇ ಹೇಳಿದೆ. ಪಕ್ಕದ ಮನೆಯಿಂದ ಒಂದು ಕ್ವಿಂಟಲ್ ಸಾಲ ತಂದು 50,000ಕ್ಕೆ ಮಾರಿದಿರಿ ಅನ್ನಿ. ರೇಟು 45,000ಕ್ಕೆ ಇಳಿಯಿತು. ಅಷ್ಟಕ್ಕೆ ಕೊಂಡು ಸಾಲ ತೀರಿಸಿದರೆ 5,000 ಉಳಿಯಿತು. ರೇಟು 60,000ಕ್ಕೆ ಏರಿದರೆ? ಕೈಯಿಂದ 10,000 ಹೋಯಿತು. ಬೆಲೆ ಇಳಿದರೆ ಸೊನ್ನೆಯವರೆಗೆ ತಾನೇ? ಏರುವುದಕ್ಕೆ ಅಂಥ ಗಡಿ ಇಲ್ಲ. ಮಾವ ಸ್ವಲ್ಪ ಹೊತ್ತು ಸುಮ್ಮನಾದರು. ರೇಟು ಏರಿದಾಗ ನಷ್ಟ ಅನ್ನೋದು ಅಡಿಕೆ ಬೆಳೆದವರಿಗೆ ವಿಚಿತ್ರವೇ, ಅಲ್ವಾ?

ಮೂರನೆಯದು: ಹೊರಬರುವ ದಾರಿ ನೋಡಿ. ಕೆಲವು ಎಸ್‌ಐಎಫ್‌ಗಳಲ್ಲಿ ದಿನಾ ದುಡ್ಡು ತೆಗೆಯಲಾಗುವುದಿಲ್ಲ. ವಾರದಲ್ಲಿ ಗೊತ್ತಾದ ದಿನ ಮಾತ್ರ ಕೊಡುವಂಥವೂ ಇವೆ. 15 ಕೆಲಸದ ದಿನಗಳವರೆಗೆ ಮುಂಚೆ ತಿಳಿಸಿ ಎಂದೂ ಕೇಳಬಹುದು.

ಇಲ್ಲೇ ಇನ್ನೊಂದು ತೊಡಕಿದೆ. ಒಂದು ಫಂಡ್ ಕಂಪನಿಯ ಎಸ್‌ಐಎಫ್‌ಗಳೆಲ್ಲ ಸೇರಿ ಒಂದು ಪ್ಯಾನ್‌ಗೆ ಹತ್ತು ಲಕ್ಷ ಇರಬೇಕು. ಮಾರ್ಕೆಟ್ ಬಿದ್ದು ಒಂಬತ್ತಕ್ಕೆ ಇಳಿದರೆ ತಪ್ಪಿಲ್ಲ. ಆದರೆ ನೀವೇ ಒಂದಿಷ್ಟು ತೆಗೆದು ಹತ್ತರ ಕೆಳಗೆ ತಂದರೆ ಯೂನಿಟ್‌ಗಳಿಗೆ, ಅಂದರೆ ಫಂಡ್‌ನಲ್ಲಿರುವ ನಿಮ್ಮ ಪಾಲಿಗೆ, ಬೀಗ ಬೀಳುತ್ತದೆ. 30 ದಿನದಲ್ಲಿ ಮತ್ತೆ ತುಂಬದಿದ್ದರೆ ಕಂಪನಿ ಎಲ್ಲವನ್ನೂ ಮಾರಿ ದುಡ್ಡು ವಾಪಸ್ ಕೊಡುತ್ತದೆ. ಆ ಹೊತ್ತಿಗೆ ರೇಟು ಎಲ್ಲಿರುತ್ತದೋ ಅಲ್ಲಿಗೇ. ಸರಿಯಾಗಿ ಹತ್ತು ಲಕ್ಷ ಮಾತ್ರ ಹಾಕುವವರು ಇದನ್ನು ಎರಡು ಸಲ ಓದಿ.

ನಾಲ್ಕನೆಯದು ಬೇಗ ಮುಗಿಯುತ್ತದೆ: ಫಂಡ್‌ನ ರಿಸ್ಕ್ ಬ್ಯಾಂಡ್ ನೋಡಿ. 1ರಿಂದ 5ರವರೆಗೆ ಇರುತ್ತದೆ, 5 ಅಂದರೆ ಅಪಾಯ ಅತಿ ಜಾಸ್ತಿ.

ಕೊನೆಗೆ ಮಾವನ ಕೈಗೆ ಪೆನ್ನು ಕೊಟ್ಟೆ. ‘ಈ ದುಡ್ಡು ಮುಂದಿನ ಮೂರು ಬೇಸಿಗೆ ಬೇಕಾಗಲ್ವಾ? ಬರೀರಿ.’

‘ಬೋರ್ ಬತ್ತಿದರೆ ಬೇಕಾಗತ್ತಲ್ಲಪ್ಪಾ.’

‘ಬೋರಿಗೆ ಎಷ್ಟು?’

ಮಂಡಿ ಚೀಟಿಯ ಹಿಂದೆ ಲೆಕ್ಕ ಹಾಕಿದರು. ಕೊರೆಸೋದು, ಕೇಸಿಂಗ್, ಮೋಟರ್, ಪೈಪು. ನೀರು ಸಿಗದಿದ್ದರೆ ಇನ್ನೊಂದು ಪಾಯಿಂಟ್. ಎಲ್ಲ ತೆಗೆದಿಟ್ಟ ಮೇಲೆ ಉಳಿದದ್ದು ಆರು ಲಕ್ಷ ಚಿಲ್ಲರೆ.