ಗುಮ್ಮಿಗೆ ಬಿಟ್ಟ ಗಪ್ಪಿ ಉಳಿದದ್ದು ಹೇಗೆ: ನನ್ನ ಅನುಭವ

ಸೊಳ್ಳೆಯ ಲಾರ್ವಾ, ಅಂದರೆ ನೀರಲ್ಲಿ ಬೆಳೆಯುವ ಮರಿಹುಳ, ತಿನ್ನುವ ಮೀನು ನಮ್ಮ ಆರೋಗ್ಯ ಇಲಾಖೆಯವರಿಗೆ ಹೊಸದೇನಲ್ಲ. ಜೂನ್ ಬಂದರೆ ಒಂದು ಕ್ಯಾನ್ ಗಪ್ಪಿ ಮೀನು ತರುವುದು, ಪಂಚಾಯ್ತಿ ಅಧ್ಯಕ್ಷರ ಕೈಯಿಂದ ಗುಮ್ಮಿಗೆ (ಮನೆ ಬಳಕೆಯ ನೀರು ತುಂಬಿಡುವ ತೊಟ್ಟಿ) ಬಿಡಿಸುವುದು, ಫೋಟೊ ತೆಗೆದು ಗ್ರೂಪಿಗೆ ಹಾಕುವುದು. ಹದಿನೈದು ದಿನ ಬಿಟ್ಟು ಅದೇ ಗುಮ್ಮಿಗೆ ಟಾರ್ಚ್ ಹಾಕಿ ನೋಡಿದರೆ ಮೀನು ನಾಪತ್ತೆ, ಹುಳ ಮಾತ್ರ ಬಾಲ ಕುಣಿಸುತ್ತಿರುತ್ತವೆ. ಸಿಂಧನೂರು ತಾಲ್ಲೂಕಿನ ನನ್ನ ಸೆಕ್ಷನ್ನಿನ ಹಳ್ಳಿಗಳಲ್ಲಿ ಎರಡನೇ ಮಳೆಗಾಲಕ್ಕೂ ಮೀನು ಉಳಿದಿವೆ, ಮರಿ ಹಾಕುತ್ತಿವೆ. "ಅದು ಫೋಟೊಕ್ಕಷ್ಟೇ ಬಿಡ್ರಿ" ಎಂದು ತಿಂಗಳ ಮೀಟಿಂಗಿನಲ್ಲಿ ನಕ್ಕವರೇ ಈಗ ಬೀಜದ ಮೀನು ಕೇಳಿ ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿ ಹೋಯಿತಲ್ಲ, ಎಡದಂಡೆ ಕಾಲುವೆ ನಂಬಿದ ನಮ್ಮ ಕಡೆ ಜನಕ್ಕೆ ಭತ್ತದ ಚಿಂತೆಯ ಜೊತೆಗೇ ಕುಡಿಯುವ ನೀರಿನ ಭಯ ಹತ್ತಿತು. ಮೊದಲೇ ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ. ಡ್ರಮ್ಮು, ಕೊಡ, ಮೂಲೆಗೆ ಬಿದ್ದಿದ್ದ ಬ್ಯಾರಲ್ಲು, ಎಲ್ಲವೂ ತುಂಬಿದವು. ಡೆಂಗಿ ಹರಡುವ ಏಡಿಸ್‌ಗೆ ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಆಗಿನ ಸರ್ವೆಯಲ್ಲಿ ನೂರು ಮನೆಗೆ ಮೂವತ್ತರ ಹತ್ತಿರ ಮನೆಗಳಲ್ಲಿ ಲಾರ್ವಾ ಸಿಕ್ಕಿತು. ಅದೇ ಹೊತ್ತಿಗೆ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ದಂಡದ ನಿಯಮ ತಂದಿತು. ಹಳ್ಳಿ ಮನೆಗೆ 200 ರೂಪಾಯಿ, ಪಟ್ಟಣದ ಮನೆಗೆ 400. ನೀರು ಸಿಗಲಿಕ್ಕಿಲ್ಲ ಅಂತ ಹೆದರಿ ತುಂಬಿಟ್ಟವಳಿಗೆ ರಸೀದಿ ಹರಿದು ಕೊಟ್ಟರೆ ಮರುದಿನ ಆಶಾ ಕಾರ್ಯಕರ್ತೆಗೆ ಬಾಗಿಲು ತೆಗೆಯುವವರು ಯಾರು? ನಾನು ಒಂದು ರಸೀದಿಯನ್ನೂ ಹರಿಯಲಿಲ್ಲ.

ಪಂಚಾಯ್ತಿ ಸದಸ್ಯರಿಗೆ ಬೇಕಾದದ್ದು ಹೊಗೆ. "ಫಾಗಿಂಗ್ ಹೊಡಸ್ರಿ ಸರ, ಮಂದಿಗೆ ಕಾಣಬೇಕು" ಅನ್ನುತ್ತಾರೆ. ಡೀಸೆಲ್, ಔಷಧ, ಮೆಷಿನ್ ಹಿಡಿಯುವವನ ಕೂಲಿ ಸೇರಿ ಒಂದು ಊರಿಗೆ ಒಂದು ಸಂಜೆಗೆ ಮೂರು ಸಾವಿರಕ್ಕೆ ಕಡಿಮೆ ಇಲ್ಲ. ಸಾಯುವುದು ಆ ಹೊತ್ತಿಗೆ ಹಾರಾಡುತ್ತಿದ್ದ ಸೊಳ್ಳೆ ಮಾತ್ರ. ತೊಟ್ಟಿಯ ಹುಳಕ್ಕೆ ಏನೂ ಆಗುವುದಿಲ್ಲ. ಇತ್ತ ಜ್ವರ ಬಂದ ಮನೆಯವರು ಪ್ಲೇಟ್‌ಲೆಟ್ ಎಂಬ ಪದ ಕೇಳಿದರೆ ಸಾಕು, ಕಿವಿಯೋಲೆ ಅಡವಿಟ್ಟು ಖಾಸಗಿ ಆಸ್ಪತ್ರೆಗೆ ಓಡುತ್ತಿದ್ದರು. ಮೂವತ್ತು ನಲವತ್ತು ಸಾವಿರ ಕಳೆದು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಮೀನು ಸತ್ತ ಕಥೆ. ಮೊದಲನೇ ತಂಡವನ್ನು ಕೊಂದದ್ದು ಬ್ಲೀಚಿಂಗ್ ಪೌಡರ್. ನೀರಗಂಟಿ ಟ್ಯಾಂಕಿಗೆ ಕ್ಲೋರಿನ್ ಹಾಕುವುದು ಅವನ ಕೆಲಸ, ತಪ್ಪೆನ್ನಲಾಗದು. ಆ ನೀರು ಬಿದ್ದ ಗುಮ್ಮಿಯಲ್ಲಿ ಬೆಳಗಾಗುವುದರೊಳಗೆ ಎಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ಎರಡನೇ ಸಲ ನನ್ನ ಜೇಬಿನಿಂದಲೇ ಆರೇಳು ನೂರು ಕೊಟ್ಟು ಪಟ್ಟಣದ ಅಕ್ವೇರಿಯಂ ಅಂಗಡಿಯಿಂದ ತಂದೆ. ಅಂಗಡಿಯವನು ಬಣ್ಣದ ಬಾಲದ ಚಂದದವನ್ನೇ ಆರಿಸಿ ಕೊಟ್ಟಿದ್ದ. ಬಣ್ಣ ಇರುವವೆಲ್ಲ ಗಂಡು. ತಿಂದುಂಡು ಚೆನ್ನಾಗೇ ಇದ್ದವು, ಒಂದು ಮರಿಯೂ ಕಾಣಲಿಲ್ಲ. ಹೆಣ್ಣು ಮಸುಕು ಬಣ್ಣದ್ದು, ದಪ್ಪ ಹೊಟ್ಟೆಯದು. ಒಂದು ಗಂಡಿಗೆ ಮೂರು ಹೆಣ್ಣು ಲೆಕ್ಕದಲ್ಲಿ ಬಿಡಬೇಕು. ಮೂರನೆಯವನ್ನು ಬೇಸಿಗೆ ತಿಂದಿತು. 42–43 ಡಿಗ್ರಿ ಬಿಸಿಲಿಗೆ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು ಕೈ ಸುಡುವಾಗ ಮೀನು ಹೇಗೆ ಬದುಕೀತು?

ದಾರಿ ತೋರಿಸಿದವರು ಆರ್.ಎಚ್. ಕ್ಯಾಂಪಿನ ಒಬ್ಬ ಹಿರಿಯರು. ಪೂರ್ವ ಬಂಗಾಳದಿಂದ ಬಂದು ನಮ್ಮ ತಾಲ್ಲೂಕಿನಲ್ಲಿ ನೆಲೆಸಿದ ಜನ ಇವರು. ಮೀನು ಅವರಿಗೆ ಹುಟ್ಟಿನಿಂದ ಗೊತ್ತು. ನನ್ನ ಕ್ಯಾನ್ ನೋಡಿ ನಕ್ಕು, "ಸಾರ್, ನೀವು ಬೆಳೆ ಹಾಕ್ತಾ ಇದ್ದೀರಿ, ಸಸಿಮಡಿ ಎಲ್ಲಿದೆ?" ಅಂದರು. ಅಲ್ಲಿಂದ ಲೆಕ್ಕ ಬದಲಾಯಿತು. ಮನೆಮನೆಗೆ ಹಂಚುವುದನ್ನು ನಿಲ್ಲಿಸಿ ಊರಿಗೆ ಒಂದೊಂದು ತಾಯಿ ತೊಟ್ಟಿ, ಅಂದರೆ ಮರಿ ಮಾಡಿಸುವ ತೊಟ್ಟಿ, ಮಾಡಿದೆ. ಬೇವಿನ ನೆರಳಿರಬೇಕು, ನಲ್ಲಿ ನೀರು ನೇರ ಬೀಳಬಾರದು, ಮನೆಯಲ್ಲಿ ಎಮ್ಮೆ ಇರಬೇಕು. ಎಮ್ಮೆ ಇದ್ದರೆ ತೊಟ್ಟಿ ಖಾಲಿ ಬಿಡುವುದಿಲ್ಲ, ಒಳಗೆ ಸೋಪು ಹಾಕಿ ತೊಳೆಯುವುದೂ ಇಲ್ಲ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಗಪ್ಪಿಗೆ ಒಗ್ಗುತ್ತದೆ. ನಾಲ್ಕು ವಾರಕ್ಕೊಮ್ಮೆ ಮರಿ, ಒಂದು ಸೂಲಿಗೆ ಇಪ್ಪತ್ತು ಮೂವತ್ತು. ದೊಡ್ಡವು ಮರಿಗಳನ್ನೇ ನುಂಗುತ್ತವೆ, ಅದಕ್ಕೆ ಒಂದು ಅಡ್ಡಿ ಮಾಡಬೇಕು. ಏನು ಅಡ್ಡಿ ಎಂಬುದು ಆ ಹಿರಿಯರ ಗುಟ್ಟು. ನೋಡಲು ಬಂದವರಿಗೆ ತೋರಿಸುತ್ತೇನೆ, ಬರೆಯುವುದಿಲ್ಲ.

ತೊಟ್ಟಿ ಕಾಯುವ ಮನೆಯ ಹೆಣ್ಣುಮಗಳಿಗೆ, ಅಲ್ಲಿಂದ ಊರಿಗೆ ಹಂಚಲು ತೆಗೆದ ಒಂದೊಂದು ಮೀನಿಗೆ ಎರಡು ರೂಪಾಯಿ ಕೊಟ್ಟೆವು. ಇದೇ ಮುಖ್ಯ ಬದಲಾವಣೆ ಅಂತ ನನ್ನ ಅಭಿಪ್ರಾಯ. ಮೀನು ಸತ್ತರೆ ಅವಳಿಗೇ ನಷ್ಟ, ಹಾಗಾಗಿ ನಾನು ಹೋಗಿ ನೋಡುವ ಅಗತ್ಯವೇ ಬೀಳಲಿಲ್ಲ. ಮೊದಲ ಮಳೆಗಾಲದಲ್ಲಿ ಒಬ್ಬಾಕೆ ಏಳೆಂಟು ನೂರು ದುಡಿದಳು. ದುಡ್ಡು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ವರ್ಷದ ಹತ್ತು ಸಾವಿರ ಮುಕ್ತ ನಿಧಿಯಿಂದ. ಆಡಿಟ್‌ನಲ್ಲಿ "ಮೀನು ಖರೀದಿ" ಅಂತ ವೋಚರ್ ನೋಡಿ, "ಊಟಕ್ಕೇನ್ರೀ?" ಎಂದು ಕೇಳಿದರು. ಆಮೇಲಿಂದ "ಲಾರ್ವಾ ನಿಯಂತ್ರಣ ಸಾಮಗ್ರಿ" ಅಂತ ಬರೆಸುತ್ತೇವೆ, ನೀವೂ ಹಾಗೇ ಬರೆಸಿ. ಒಂದು ಊರಿಗೆ ಇಡೀ ವರ್ಷಕ್ಕೆ ಸುಮಾರು ಎರಡೂವರೆ ಸಾವಿರ ಆಯಿತು, ಒಂದು ಸಂಜೆಯ ಹೊಗೆಗಿಂತ ಕಡಿಮೆ.

ಎಲ್ಲಿ ಬಿಡಬಾರದು ಎಂಬುದೂ ಅಷ್ಟೇ ಮುಖ್ಯ. ವಾರಕ್ಕೊಮ್ಮೆ ಬೋರಲು ಹಾಕುವ ಡ್ರಮ್ಮಿಗೆ ಮೀನು ದಂಡ. ಅದಕ್ಕೆ ಹಳೆ ಪಂಚೆ ಕಟ್ಟಿಸಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿಸಿ. ಏಡಿಸ್ ಮೊಟ್ಟೆ ಗೋಡೆಗೆ ಅಂಟಿ ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ. ಮೀನು ಗುಮ್ಮಿಗೆ, ದನದ ತೊಟ್ಟಿಗೆ, ಕಟ್ಟುತ್ತಿರುವ ಮನೆಯ ನೀರಿನ ಸಂಪ್‌ಗೆ. ಲಾರ್ವಾ ತಿನ್ನುವ ಇನ್ನೊಂದು ಮೀನು ಗ್ಯಾಂಬೂಸಿಯಾ ಕೊಡುತ್ತೇವೆಂದರೂ ನಾನು ಒಲ್ಲೆ ಅಂದೆ. ಅದು ಕೆರೆಗೆ ತಪ್ಪಿಸಿಕೊಂಡರೆ ನಮ್ಮ ಮೀನಿನ ಮರಿ, ಕಪ್ಪೆಯ ಮರಿ ಯಾವುದನ್ನೂ ಬಿಡುವುದಿಲ್ಲ. ಗಪ್ಪಿಯನ್ನೂ ಕೆರೆ, ಕಾಲುವೆಗೆ ಬಿಡಬೇಡಿ.

ನಡುವೆ ಬೇರೆ ಆಟಗಳನ್ನೂ ಆಡಿದೆ. ಸುಟ್ಟ ಎಂಜಿನ್ ಆಯಿಲ್‌ನಲ್ಲಿ ಕಟ್ಟಿಗೆ ಹೊಟ್ಟು ನೆನೆಸಿ ಬಟ್ಟೆಯಲ್ಲಿ ಉಂಡೆ ಕಟ್ಟಿ ನಿಂತ ಚರಂಡಿಗೆ ಹಾಕಿದ್ದು ಚೆನ್ನಾಗಿ ಕೆಲಸ ಮಾಡಿತು, ಗ್ಯಾರೇಜಿನವರು ಆಯಿಲ್ ಪುಕ್ಕಟೆ ಕೊಟ್ಟರು. ಭತ್ತದ ಮಡಿಗೆ ಗಪ್ಪಿ ಬಿಟ್ಟಿದ್ದು ದಂಡವಾಯಿತು. ಮೆದುಳು ಜ್ವರದ ಸೊಳ್ಳೆ ಹುಟ್ಟುವುದು ಅಲ್ಲೇ ಅಂತ ಆಸೆಪಟ್ಟಿದ್ದೆ. ಒಂದು ಸಲ ಕ್ರಿಮಿನಾಶಕ ಹೊಡೆದರು, ಎಲ್ಲ ಮುಗಿಯಿತು. ಕರಿ ಬಣ್ಣ ಬಳಿದ ತೆಂಗಿನ ಚಿಪ್ಪಿನಲ್ಲಿ ನೀರು, ಬಟ್ಟೆ ಚೂರು ಇಟ್ಟು ಮೊಟ್ಟೆ ಹಿಡಿಯುವುದು ಇನ್ನೂ ನಡೆದಿದೆ. ಯಾವ ಓಣಿಯಲ್ಲಿ ಸೊಳ್ಳೆ ಹೆಚ್ಚು ಅಂತ ತಿಳಿಯಲು ಸರ್ವೆಗಿಂತ ಇದು ಬೇಗ.

ಮಡಿ ಮನೆಗಳದ್ದು ಬೇರೆ ಕಷ್ಟ. "ಕುಡಿಯೋ ನೀರಾಗ ಮೀನ ಬಿಡ್ತೀಯೇನೋ ತಮ್ಮಾ, ನಮ್ಮನಿ ಲಿಂಗಪೂಜಿ ಮನಿ ಐತಿ" ಎಂದು ಒಬ್ಬ ಅಜ್ಜಿ ಬಾಗಿಲಲ್ಲೇ ತಡೆದಳು. ವಾದ ಮಾಡಲಿಲ್ಲ. ಅವಳದೇ ತೊಟ್ಟಿಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬಿಸಿಲಿಗೆ ಹಿಡಿದೆ. ಹುಳ ನೋಡಿ, "ಇದನ್ನ ಕುಡಿದೇವೇನ ಇಷ್ಟ ದಿನ?" ಅಂದಳು. "ಹೂಂ ಯವ್ವಾ, ಮೀನ ಬ್ಯಾಡಂದ್ರ ಇವು ಇರ್ತಾವು" ಅಂದೆ. ಬಳಸುವ ನೀರಿನ ತೊಟ್ಟಿಗೆ ಒಪ್ಪಿದಳು, ಪೂಜೆ ನೀರಿನ ಕೊಡಕ್ಕೆ ಬಟ್ಟೆ ಕಟ್ಟಿದೆವು. ಈಗ ಅವಳೇ ಪಕ್ಕದ ಮನೆಯವರಿಗೆ ಲೋಟ ಹಿಡಿದು ತೋರಿಸುತ್ತಾಳೆ.

2025ರ ಮಳೆಗಾಲದಲ್ಲಿ ಅದೇ ಊರುಗಳಲ್ಲಿ ಹೌಸ್ ಇಂಡೆಕ್ಸ್, ಅಂದರೆ ನೂರು ಮನೆಗೆ ಲಾರ್ವಾ ಸಿಕ್ಕ ಮನೆಗಳ ಲೆಕ್ಕ, ನಾಲ್ಕೈದರ ಆಸುಪಾಸು ಬಂತು. ಉಳಿದದ್ದು ಹೆಚ್ಚಾಗಿ ಪಂಕ್ಚರ್ ಅಂಗಡಿಗಳ ಟೈರು, ಅಲ್ಲಿ ಮೀನಿನ ಆಟ ನಡೆಯುವುದಿಲ್ಲ. ಟೈರಿಗೆ ತೂತು ಹೊಡೆಸೋಣ ಎಂದರೆ ರೀಟ್ರೆಡಿಂಗ್‌ಗೆ ಹೋಗಲ್ಲ ಅಂತ ಜಗಳ, ಸದ್ಯಕ್ಕೆ ತಾಡಪತ್ರಿ ಹೊದಿಸಿದ್ದಾರೆ.

ಬೀಜದ ಮೀನು ಬೇಕಾದವರು ಮಳೆ ಬಿದ್ದ ಮೇಲೆ ಬನ್ನಿ, ಏಪ್ರಿಲ್ ಮೇನಲ್ಲಿ ಕೊಡುವುದಿಲ್ಲ. ಬೆಳಗ್ಗೆ ಎಂಟರೊಳಗೆ, ಅಗಲ ಬಾಯಿಯ ಕ್ಯಾನ್ ತನ್ನಿ, ಅರ್ಧವಷ್ಟೇ ನೀರು ತುಂಬಿ. ಮೀನಿಗೆ ಎರಡು ರೂಪಾಯಿ, ತೊಟ್ಟಿಯ ಮನೆಯಾಕೆಯ ಕೈಗೇ ಕೊಡಬೇಕು.